ಬೋರಯ್ಯನವರ ಬ್ಲೇಡು

ಬೋರಯ್ಯನವರ ಕುರಿತ ಈ ಬರಹದಲ್ಲಿ ನನ್ನ ವಾಕ್ಯಗಳು ದಪ್ಪವಾಗಿ ಬಂದಿದ್ದರೆ ಓದುಗರು ಕ್ಷಮಿಸಬೇಕು, ಅವರಾಗಿದ್ದರೆ ಕ್ಷಮಿಸುತ್ತಿರಲಿಲ್ಲ. ನಮ್ಮ ಕಾಲೇಜಿನ ಸಸ್ಯಶಾಸ್ತ್ರ ಪ್ರಯೋಗಾಲಯದ ಅಟೆಂಡರ್ ಆಗಿದ್ದ ಅವರು, ನಾವು ಕತ್ತರಿಸಿದ ಕಾಂಡದ ಬಿಲ್ಲೆಯನ್ನು ಹಳೆಯ ದಿನಪತ್ರಿಕೆಯ ಮೇಲೆ ಇಡುತ್ತಿದ್ದರು. ಕೆಳಗಿನ ಅಕ್ಷರ ಓದಲು ಬಂದರೆ ಅದು ಸೂಕ್ಷ್ಮದರ್ಶಕಕ್ಕೆ. ಬಾರದಿದ್ದರೆ ಕಸದ ಬುಟ್ಟಿಗೆ.

ನನ್ನವೆಲ್ಲ ಬುಟ್ಟಿಗೇ ಹೋದವು. "ಇದು ಸೆಕ್ಷನ್ ಅಲ್ಲ ಕಣಮ್ಮ, ಸಾಂಬಾರಿಗೆ ಹಾಕೋ ಹೋಳು," ಎನ್ನುತ್ತಿದ್ದರು.

ಹಾಗೆಂದು ಕಲಿಸದೆ ಬಿಡುತ್ತಿರಲಿಲ್ಲ. ಅಂಗಾಂಶಗಳನ್ನು ನೆಂಟರಂತೆ ಪರಿಚಯಿಸುತ್ತಿದ್ದರು: "ನಡುವೆ ಮೆತ್ತಗಿರೋವು ದಾಸ್ತಾನು ಇಟ್ಕೊಳ್ಳೋವು. ಅಂಚಲ್ಲಿರೋವು ಗಿಡ ಬಗ್ಗಿದ್ರೂ ಮುರೀದಂಗೆ ಹಿಡ್ಕೊಳ್ಳೋವು. ಬಣ್ಣ ಹಾಕಿದ್ರೆ ಕೆಂಪಾಗೋ ದೊಡ್ಡ ಕೊಳವೆ ನೀರು ಏರ್ಸುತ್ತೆ. ಅದರ ಹೊರಗಡೆ ಸಣ್ಣವು, ಎಲೆ ಮಾಡಿದ ಅಡುಗೆ ಹಂಚ್ತವೆ."

ಸೂರ್ಯಕಾಂತಿ ಕಾಂಡದ ತೆಳು ಬಿಲ್ಲೆಯನ್ನು ಸ್ವಂತ ಕೈಯಿಂದ ಕತ್ತರಿಸಿ ಒಪ್ಪಿಸದಿದ್ದರೆ ಪ್ರಾಯೋಗಿಕ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಸಸ್ಯಶಾಸ್ತ್ರದ ಮೇಡಂ ತಿಳಿಸಿದ್ದರು. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ಹೆದರಿ ಕಾಂಡವನ್ನು ಮನೆಗೊಯ್ದೆ. ಕೃಷ್ಣಮೂರ್ತಿಪುರಂನ ಛತ್ರವೊಂದರಲ್ಲಿ ತರಕಾರಿ ಹೆಚ್ಚುತ್ತಿದ್ದ ಅಮ್ಮ, ನೋಡನೋಡುತ್ತಲೇ ಹತ್ತು ಬಿಲ್ಲೆ ಕತ್ತರಿಸಿಕೊಟ್ಟರು. ನೀರು ತುಂಬಿದ ಡಬ್ಬಿಯಲ್ಲಿ ತಂದು, ನನ್ನವೆಂದು ಒಪ್ಪಿಸಿದೆ.

ಬೋರಯ್ಯನವರು ಒಂದನ್ನು ಪತ್ರಿಕೆಯ ಮೇಲಿಟ್ಟು, "ಸೈಟು ಮಾರಾಟಕ್ಕಿದೆ," ಎಂದು ಗಟ್ಟಿಯಾಗಿ ಓದಿದರು. ಬಳಿಕ ಅದನ್ನು ಬೆಳಕಿಗೆ ಹಿಡಿದರು.

"ಅಂಚು ಯಾಕಮ್ಮ ಹಳದಿ?"

ನಾನು ಡಬ್ಬಿಯ ಮುಚ್ಚಳ ಹಾಕತೊಡಗಿದೆ.

"ಅರಿಶಿನ ಇದು. ನಿನ್ ಕೈಗೆ ಇಂಕು ಬುಟ್ರೆ ಬೇರೇನೂ ಅಂಟಿರಲ್ಲ. ಯಾರ ಕೈ?"

"ಅಮ್ಮಂದು ಸರ್."

"ನಾಳೆ ಕರ್ಕೊಂಡು ಬಾ."

ಮರುದಿನ ಅಮ್ಮ ತಮ್ಮ ಒಂದೇ ಒಂದು ರೇಷ್ಮೆ ಸೀರೆಯುಟ್ಟು, ಕ್ಷಮೆ ಕೇಳಲು ಸಿದ್ಧರಾಗಿ ಬಂದರು. ಬೋರಯ್ಯನವರು ಬ್ಲೇಡನ್ನೂ ಕಾಂಡವನ್ನೂ ಮುಂದಿಟ್ಟರು.

"ಎಷ್ಟು ಜನಕ್ಕಣ್ಣ?" ಎಂದರು ಅಮ್ಮ.

"ನಾಲ್ಕು ಬಿಲ್ಲೆ ಸಾಕು ಕಣಮ್ಮ."

ಕತ್ತರಿಸಿದ ಮೇಲೆ ಅವರು ಅಮ್ಮನಿಗೆ ಸೂಕ್ಷ್ಮದರ್ಶಕದಲ್ಲಿ ಒಂದೊಂದನ್ನೂ ತೋರಿಸಿ ವಿವರಿಸಿದರು. ಅಮ್ಮ ಬಹಳ ಹೊತ್ತು ನೋಡಿದರು. "ಛತ್ರದ ಅಡುಗೆಮನೆ ಇದ್ದಂಗೇ ಐತಲ್ಲಣ್ಣ. ಉಗ್ರಾಣ, ನೀರು ಹೊರೋರು, ಬಡಿಸೋರು, ಎಲ್ಲಾ ಅವ್ರೆ."

ಬೋರಯ್ಯನವರು ನನ್ನ ಕಡೆ ತಿರುಗಿದರು. "ನೀನು ಇದನ್ನ ಎರಡು ವರ್ಷದಿಂದ ಓದ್ತಿದ್ದೀಯ ಅಲ್ವೇನಮ್ಮ?"

ಅವರು ಮೇಡಂಗೆ ದೂರು ಹೇಳಲಿಲ್ಲ. ಆ ವಾರವೆಲ್ಲ ಅಮ್ಮನ ಪಕ್ಕ ಕುಳಿತು ಕಾಂಡ ಕತ್ತರಿಸುವುದೇ ನನಗೆ ಶಿಕ್ಷೆಯಾಯಿತು. ಶನಿವಾರ ನನ್ನ ಬಿಲ್ಲೆಯ ಕೆಳಗೂ ಅಕ್ಷರ ಕಂಡಿತು.

"ತಲೆಬರಹ ಮಾತ್ರ ಕಾಣ್ತದೆ," ಎಂದರು ಬೋರಯ್ಯನವರು. "ಇರ್ಲಿ, ಹೋಗು, ಪರೀಕ್ಷೆ ಬರಿ."

ಆ ತಿಂಗಳ ಕೊನೆಗೆ ಅವರು ನಿವೃತ್ತರಾದರು. ಹೊರಡುವ ಮುನ್ನ ಅಮ್ಮನನ್ನು ಪ್ರಾಂಶುಪಾಲರ ಬಳಿ ಕರೆದೊಯ್ದು, "ನನ್ ಜಾಗಕ್ಕೆ ಇವರು," ಎಂದಷ್ಟೇ ಹೇಳಿ ಹಿನಕಲ್ ಬಸ್ಸು ಹತ್ತಿದರು. ಹಳೆಯ ಪತ್ರಿಕೆಯನ್ನು ಮೇಜಿನ ಮೇಲೆಯೇ ಬಿಟ್ಟಿದ್ದರು. ಮತ್ತೆ ನಾನು ಅವರನ್ನು ಕಂಡಿಲ್ಲ.

ಈಗ ಅಮ್ಮ ಆ ಪ್ರಯೋಗಾಲಯದ ಅಟೆಂಡರ್. ನನಗೆ ಪದವಿ ದೊರೆತಿದೆ, ಕೆಲಸ ಇನ್ನೂ ದೊರೆತಿಲ್ಲ. ಬೆಳಿಗ್ಗೆ ಕಾಲೇಜಿಗೆ ಹೊರಡುವವರು ಅಮ್ಮ. ಮನೆಯಲ್ಲಿ ತರಕಾರಿ ಹೆಚ್ಚುವವಳು ನಾನು.