ಹೆಸರು ಹೇಳಿದ ಮೇಲೆಯೇ ಚೀಟಿ

ಬೆಳಗಿನ ಐದೂಮುಕ್ಕಾಲು. ಹಿಮಾಯತ್‌ನಗರದ ಹಳೆಯ ಅಪಾರ್ಟ್‌ಮೆಂಟೊಂದರ ಬಾಗಿಲಲ್ಲಿ ವಾಚ್‌ಮನ್ ಕಣ್ಣುಜ್ಜಿಕೊಂಡು, "ಅಮ್ಮಾ, ಲಿಫ್ಟ್ ಪನಿ ಚೇಯಟ್ಲೇದು" ಎಂದು ಲಿಫ್ಟ್ ಕೆಟ್ಟಿದ್ದನ್ನು ತೆಲುಗಿನಲ್ಲಿ ಹೇಳುತ್ತಾನೆ. ಯಮುನಾಬಾಯಿ ಅದನ್ನು ಕೇಳಿಸಿಕೊಂಡಂತೆಯೇ ಇಲ್ಲ. ಹೆಗಲಿಗೆ ಐಸ್ ಪೆಟ್ಟಿಗೆ ಏರಿಸಿ ಆಗಲೇ ಮೊದಲ ಮಹಡಿ ದಾಟಿದ್ದಾರೆ. ವಯಸ್ಸು ಐವತ್ತೊಂದು. ಅವರ ಬಗ್ಗೆ ಬರೆಯಲೆಂದು ಬೆನ್ನು ಹತ್ತಿದ, ಅವರಿಗಿಂತ ಹತ್ತು ವರ್ಷ ಚಿಕ್ಕವನಾದ ನಾನು ಮೂರನೆಯ ಮಹಡಿಗೆ ಕಂಬಿ ಹಿಡಿದು ನಿಲ್ಲುತ್ತೇನೆ.

"ಯಾಕ್ರೀ ಸರ, ದಮ್ಮು ಹತ್ತಿತೇನು? ನಿಮ್ದೂ ಒಂದು ಬಾಟ್ಲಿ ತಗೀಲೇನು?" ಎಂದು ಮೇಲಿನಿಂದ ನಗು ಕೇಳುತ್ತದೆ. ನನ್ನ ಮಾನ ಆ ಮೆಟ್ಟಿಲಲ್ಲೇ ಹೋಯಿತು.

ಮನೆಮನೆಗೆ ಹೋಗಿ ರಕ್ತದ ಮಾದರಿ ತರುವುದು ಇವರ ಕೆಲಸ. ನಾಲ್ಕನೆಯ ಮಹಡಿಯಲ್ಲಿ ಮೈಸೂರಿನ ಕೃಪಾ ಇದ್ದಾಳೆ, ಐಟಿ ಕಂಪನಿಯ ಹುಡುಗಿ. "ಎಂಟು ಗಂಟೆ ಮಲಗಿದ್ರೂ ಏಳಕ್ಕೇ ಆಗಲ್ಲ ಆಂಟಿ. ಡಾಕ್ಟ್ರು ಥೈರಾಯ್ಡ್ ನೋಡ್ಸಿ ಅಂದ್ರು" ಎನ್ನುತ್ತಾ ತೋಳು ಚಾಚುತ್ತಾಳೆ. ಸೂಜಿ ಒಳಗೆ ಹೋಗಿದ್ದೂ ಹೊರಗೆ ಬಂದಿದ್ದೂ ಅವಳಿಗೆ ಗೊತ್ತಾಗುವುದಿಲ್ಲ. ಆಮೇಲೆ ಯಮುನಾಬಾಯಿ ಇನ್ನೂ ಚೀಟಿ ಅಂಟಿಸದ ಕೊಳವೆಯನ್ನು ಅವಳ ಮುಂದೆ ಹಿಡಿಯುತ್ತಾರೆ. "ಈಗ ನಿನ್ನ ಹೆಸರು ಹೇಳವಾ."

"ಆ್ಯಪಲ್ಲೇ ಇದ್ಯಲ್ಲಾ?"

"ಆ್ಯಪಿನ್ಯಾಗ ಇರ್ಲಿ ಬಿಡು. ನಿನ್ನ ಬಾಯಿಂದ ಬರ್ಲಿ."

ಹುಡುಗಿ ಹೆಸರು ಹೇಳುತ್ತಾಳೆ, ಹುಟ್ಟಿದ ವರ್ಷ ಹೇಳುತ್ತಾಳೆ. ಅವಳ ಕಣ್ಣೆದುರೇ ಚೀಟಿ ಬರೆದು, ಅಂಟಿಸಿ, ಅವಳಿಂದಲೇ ಓದಿಸಿ, ಆಮೇಲೆಯೇ ಕೊಳವೆ ಪೆಟ್ಟಿಗೆ ಸೇರುತ್ತದೆ. ಪ್ರತಿ ಮನೆಯಲ್ಲೂ ಇದೇ ಕಟ್ಟಳೆ. ಮದುವೆಯಲ್ಲಿ ಹೆಸರು ಬದಲಾಯಿಸಿಕೊಂಡ ಹೆಂಗಸರಾದರೆ ತವರಿನ ಹೆಸರನ್ನೂ ಕೇಳುತ್ತಾರೆ. ಮೂವತ್ತು ವರ್ಷದಿಂದ ಯಾರೂ ಕರೆಯದ ಆ ಹೆಸರು ಹೇಳುವಾಗ ಕೆಲವರು ನಾಚಿಕೊಳ್ಳುತ್ತಾರಂತೆ.

ಯಮುನಾಬಾಯಿ ಲಿಂಗಸುಗೂರಿನವರು. ಗಂಡ ಬಸವರಾಜ ಪಟಾನ್‌ಚೆರುವಿನ ಔಷಧ ಕಾರ್ಖಾನೆಯೊಂದರಲ್ಲಿ ಹದಿನೆಂಟು ವರ್ಷ ದುಡಿದರು. ಅದು ಬಾಗಿಲು ಹಾಕಿತು. ಆಗ ಮೂವತ್ತೈದು ದಾಟಿದ್ದ ಹೆಂಡತಿ, ಮಗಳ ವಯಸ್ಸಿನವರ ಪಕ್ಕದಲ್ಲಿ ಕುಳಿತು ಲ್ಯಾಬ್ ಕೋರ್ಸು ಓದಿದರು. ಈಗ ಕಾಚಿಗುಡದ ಎರಡು ಕೋಣೆಯ ಮನೆಯಲ್ಲಿ ನಸುಕಿನ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿಯುವವರು ಬಸವರಾಜರು! "ನನಗಿಂತ ತೆಳ್ಳಗ ಬಡೀತಾರ್ರೀ, ಆದ್ರ ಹೇಳಬ್ಯಾಡ್ರಿ, ಉಬ್ಬಿ ಬಿಡ್ತಾರ" ಎಂದು ಯಮುನಾಬಾಯಿ ಎಚ್ಚರಿಸುತ್ತಾರೆ. ಹೇಳುವುದಿಲ್ಲ, ಬರೆಯುತ್ತೇನೆ.

ಒಂದು ಬೆಳಗಿಗೆ ಹನ್ನೆರಡರಿಂದ ಹದಿನಾಲ್ಕು ಮನೆ. ಅರ್ಧಕ್ಕರ್ಧ ಥೈರಾಯ್ಡಿನವೇ. ಮಾತ್ರೆ ನುಂಗುವವರು ಅದಕ್ಕೆ ಮೊದಲೇ ರಕ್ತ ಕೊಡಬೇಕು. ಹೀಗಾಗಿ ಎಲ್ಲರಿಗೂ ಆರರಿಂದ ಎಂಟರೊಳಗೇ ಈಕೆ ಬೇಕು. ಬೇಗಂಪೇಟೆಯಲ್ಲಿ ಒಬ್ಬರು, ನಾರಾಯಣಗುಡದಲ್ಲಿ ಇನ್ನೊಬ್ಬರು, ನಡುವೆ ಸ್ಕೂಟರು. "ಬಾಗಿಲಾ ತೆಗಿಯೂ ಚಂದದಾಗನ ಗೊತ್ತಾಗ್ತೈತ್ರಿ, ಯಾರಿಗೆ ಮೈ ಭಾರಾಗೈತಿ ಅಂತ" ಎನ್ನುತ್ತಾರೆ.

ಆ ಹೆಸರು ಕೇಳುವ ಕಟ್ಟಳೆ ಎಲ್ಲಿಂದ ಬಂತು? ರಸ್ತೆ ಬದಿ ಚಹಾ ಕುಡಿಯುವಾಗ ಕೇಳಿದೆ. ಕಪ್ಪು ಕೆಳಗಿಟ್ಟರು. "ನಾ ಒಂದು ತಪ್ಪು ಮಾಡೀನ್ರಿ ಸರ. ಅದನ್ನ ಬರೀತೀನಿ ಅಂದ್ರ ಮುಂದ ಮಾತಾಡೂಣು. ಬರೇ ಹೊಗಳಾಕ ಬಂದಿದ್ರ ಚಹಾ ಕುಡದು ನಡೀರಿ."

ಮೂರು ವರ್ಷದ ಹಿಂದಿನ ಮಾತು. ಇದೇ ಹಿಮಾಯತ್‌ನಗರದಲ್ಲಿ ರಾಯಚೂರು ಕಡೆಯ ಒಂದು ಕುಟುಂಬ. ಅತ್ತೆ ಸುಮತಿಯವರಿಗೆ ವರ್ಷದ ತಪಾಸಣೆ. ಸೊಸೆ ಸಂಪದಾಳಿಗೆ ತಿಂಗಳುಗಟ್ಟಲೆ ಬಿಡದ ಆಯಾಸ. ಕೂತಲ್ಲೇ ತೂಕಡಿಕೆ, ಒಲೆಯ ಮುಂದೆ ನಿಂತರೆ ಕಾಲು ಸೋಲುವುದು. ಮನೆಯಲ್ಲಿ ಅವಳಿಗೆ ಮೈಗಳ್ಳಿ ಎಂಬ ಬಿರುದು ಆಗಲೇ ಸಿಕ್ಕಿತ್ತು.

ಸಮಯ ಉಳಿಸಲೆಂದು ಯಮುನಾಬಾಯಿ ಆಗೆಲ್ಲ ಕೆಳಗೆ ಸ್ಕೂಟರಿನ ಮೇಲೆಯೇ ಚೀಟಿ ಅಂಟಿಸಿಕೊಂಡು ಹತ್ತುತ್ತಿದ್ದರು. ಹಿರಿಯರದು ಮುಂದೆ, ಕಿರಿಯರದು ಹಿಂದೆ. ನಮ್ಮ ಮನೆಗಳಲ್ಲಿ ಊಟಕ್ಕೆ ಬಡಿಸುವುದೂ ಹಾಗೇ, ರಕ್ತ ಕೊಡುವುದೂ ಹಾಗೇ. ಆವತ್ತು ಸುಮತಿಯವರು ಪೂಜೆಗೆ ಕುಳಿತಿದ್ದರು. "ಮೊದ್ಲು ಆಕೀದ ತಗೋರಿ" ಎಂದು ದೇವರ ಕೋಣೆಯಿಂದಲೇ ಕೂಗಿದರು. ಸೊಸೆ ಬಂದು ಕುಳಿತಳು. ಯಮುನಾಬಾಯಿಯ ಕೈ ರೂಢಿಯಂತೆ ಮೊದಲ ಕೊಳವೆಯನ್ನೇ ಎತ್ತಿಕೊಂಡಿತು, ಅತ್ತೆಯ ಹೆಸರಿನದನ್ನು.

ಸಂಜೆ ವರದಿ ಬಂತು. ಸೊಸೆಗೆ ಎಲ್ಲ ಸರಿ. ಅತ್ತೆಗೆ ಥೈರಾಯ್ಡ್ ತೀರಾ ಕಡಿಮೆ ಕೆಲಸ ಮಾಡುತ್ತಿದೆ, ಮಾತ್ರೆ ಶುರು ಮಾಡಬೇಕು. ಅಲ್ಲಿಗೆ ಸಂಪದಾಳ ಬಾಯಿ ಮುಚ್ಚಿತು. ಕಾಗದವೇ ಹೇಳಿದ ಮೇಲೆ ಯಾರು ನಂಬುತ್ತಾರೆ? ಗಂಡ ಹೇಮಂತನೂ ಮುಖ ತಿರುಗಿಸಿದ. ಅವಳ ಅಣ್ಣ ಬಂದು ತವರಿಗೆ ಕರೆದೊಯ್ಯಲಿ ಎಂದಾಯಿತು. ಮರಳಿ ಕರೆಸುವ ಮಾತು ಯಾರೂ ಎತ್ತಲಿಲ್ಲ.

ಅಣ್ಣ ಬರಬೇಕಾದ ಭಾನುವಾರಕ್ಕೆ ಮೂರು ದಿನ ಮೊದಲು ಅತ್ತೆಯ ಮರುಪರೀಕ್ಷೆಗೆ ಯಮುನಾಬಾಯಿ ಹೋದರು. ಮಾತ್ರೆ ಶುರುವಾಗಿ ಎರಡು ತಿಂಗಳಾಗಿತ್ತು. ಸುಮತಿಯವರ ಕೈ ನಡುಗುತ್ತಿತ್ತು, ಎದೆ ಡವಡವ, ನಿದ್ದೆಯಿಲ್ಲ. ಮೂಲೆಯಲ್ಲಿ ಸಂಪದಾ, ಮೇ ತಿಂಗಳ ಸೆಕೆಯಲ್ಲಿ ಶಾಲು ಹೊದ್ದು ಕುಳಿತಿದ್ದಳು. ಮುಖ ಬಾತಿತ್ತು, ದನಿ ಒಡೆದಿತ್ತು.

"ಆವತ್ತಿನ ಪೂಜಾ ನೆನಪಾತ್ರಿ. ತೆಲಿಯೊಳಗ ಗಂಟಿ ಬಾರಿಸಿದಂಗಾತು" ಎನ್ನುತ್ತಾರೆ ಯಮುನಾಬಾಯಿ. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮನೆಯಲ್ಲಿ ದುಡಿಯುವವರು ಇವರೊಬ್ಬರೇ. "ಕೆಲಸ ಹೋದ್ರ ಹೆಂಗ ಅಂತ ಲೆಕ್ಕಾ ಹಾಕಿದೆ. ಆದ್ರ ಆ ಹುಡುಗಿ ನೀರು ತರಾಕ ಎದ್ದು ಗೋಡಿ ಹಿಡದು ನಡ್ಯಾಕತ್ತಿದ್ಲು. ಅದನ್ನ ನೋಡಿ ಬಾಯಿ ತಾನ ತೆರೀತು. ತಪ್ಪು ನಂದು, ಬಾಟ್ಲಿ ಅದಲುಬದಲಾಗಿರಬೇಕು ಅಂದೆ."

ಹೇಮಂತ ಕೂಗಾಡಿದ. ಅವನನ್ನು ತಡೆದವರು ಸುಮತಿಯವರು: "ಮೊದ್ಲು ಇಬ್ಬರ್ದೂ ರಕ್ತ ತಗೀಲಿ, ಆಮ್ಯಾಲ ಬೈಯುವಿಯಂತ." ಮರುದಿನದ ವರದಿ ಎಲ್ಲವನ್ನೂ ತಿರುವಿ ಹಾಕಿತು. ಕಾಯಿಲೆ ಸೊಸೆಯದು. ಭಾನುವಾರ ಅಣ್ಣ ಬಂದ, ಊಟ ಮಾಡಿದ, ಒಬ್ಬನೇ ಹೋದ. ಲ್ಯಾಬಿನವರು ಯಮುನಾಬಾಯಿಯನ್ನು ಒಂದು ತಿಂಗಳು ಮನೆಯಲ್ಲಿ ಕೂರಿಸಿದರು. ತಾವಾಗಿಯೇ ಒಪ್ಪಿಕೊಂಡರೆಂದು ಕೆಲಸದಿಂದ ತೆಗೆಯಲಿಲ್ಲ.

ಇವತ್ತಿನ ಕಡೆಯ ಮನೆ ಅದೇ. ಸಂಪದಾ ಲವಲವಿಕೆಯಿಂದ ಬಾಗಿಲು ತೆರೆಯುತ್ತಾಳೆ. ಆರು ತಿಂಗಳಿಗೊಮ್ಮೆ ಅವಳ ಪರೀಕ್ಷೆ, ಬೇರೆ ಯಾರನ್ನೂ ಕಳಿಸಬೇಡಿ ಎಂದು ಲ್ಯಾಬಿಗೆ ಹೇಳಿದ್ದಾಳೆ. ಬೇರೆ ದಿನ ಬೆಳಗ್ಗೆ ಆರಕ್ಕೆ ಮಾತ್ರೆ ಮತ್ತು ನೀರು ಹಿಡಿದು ಅವಳನ್ನು ಎಬ್ಬಿಸುವವರು ಸುಮತಿಯವರೇ. "ಹೆಸರು ಹಾಕೇ ಬರೀರಿ, ಮುಚ್ಚಿಡೂದೇನೈತಿ" ಎನ್ನುತ್ತಾರೆ ಅವರು. "ಎರಡು ತಿಂಗಳು ನಾ ಆಕಿ ಗುಳಿಗಿ ನುಂಗಿದೆ. ಆಕಿ ನನ್ನ ಬೈಗಳಾ ನುಂಗಿದ್ಲು." ಹಾಗೆಂದು ಸೆರಗಿನಿಂದ ಮೂಗೊರೆಸಿಕೊಳ್ಳುತ್ತಾರೆ.

ಮೆಟ್ಟಿಲಿಳಿಯುವಾಗ, ಸರಿಯಾದ ವರದಿ ಬಂದ ದಿನ ಸಂಪದಾ ಏನಂದಳು ಎಂದು ಕೇಳುತ್ತೇನೆ. ಯಮುನಾಬಾಯಿ ಒಂದು ಮೆಟ್ಟಿಲಲ್ಲಿ ನಿಂತುಬಿಡುತ್ತಾರೆ.

"ಫೋನ್ ಮಾಡಿದ್ಲ್ರಿ. ಬೈತಾಳ ಅಂತ ಅಂದ್ಕೊಂಡಿದ್ದೆ. 'ಹಂಗಾರ ನಾ ಮೈಗಳ್ಳಿ ಅಲ್ಲ, ಅಲ್ರೀ ಅಕ್ಕಾ?' ಅಂತ ಕೇಳಿದ್ಲು. ಅಷ್ಟ. ಆಕಿಗೇ ಆಕಿ ಮ್ಯಾಲ ನಂಬಿಗಿ ಹೋಗಿತ್ತು."

ನಾಳಿನ ಬುಕಿಂಗಿಗೆ ಫೋನು ಗುಂಯ್‌ಗುಡುತ್ತದೆ. ಅದನ್ನು ನೋಡಿ, ಸ್ಕೂಟರಿನ ಬೀಗ ತೆಗೆಯುತ್ತಾ ಅವರು ಹೇಳುತ್ತಾರೆ:

"ನಂದೊಂದ ಆಸಿ ಐತ್ರಿ, ಆಗೂದಾದ್ರ ಬರೀರಿ. ಮನ್ಯಾಗ ಯಾರರ ದಣಿವಾಗೈತಿ ಅಂದ್ರ, ರಿಪೋರ್ಟು ಬರೂತನಕ ಅವ್ರನ್ನ ನಂಬ್ರಿ. ರಿಪೋರ್ಟು ಬೇರೆ ಹೇಳಿದ್ರ, ಇನ್ನೊಮ್ಮೆ ನನ್ನ ಕರೀರಿ."