ಪಿಯಾನೊ ಕೆಳಗಿನ ಬಡಗಿ

ಬಾಯಿ ತುಂಬ ಮೊಳೆ ಕಚ್ಚಿಕೊಂಡೇ ಕೆಲಸ ಮಾಡುವ ಆ ಬಡಗಿಯನ್ನು ಬೀದಿಯವರೆಲ್ಲ ಮೊಳೆಮಾವ ಎನ್ನುತ್ತಿದ್ದರು. ಯಾರು ಏನು ಕೇಳಿದರೂ ಅವನ ಉತ್ತರ ಒಂದೇ: "ಹ್ಞೂಂ." ಮದುವೆಗೂ ಹಾಗೆಯೇ ಒಪ್ಪಿದ್ದನೆಂದು ಹೆಂಡತಿ ಮೂವತ್ತು ವರ್ಷದಿಂದ ಹಂಗಿಸುತ್ತಿದ್ದಳು.

ಒಂದು ಸಂಜೆ ಸಭಾಂಗಣದ ಕುರ್ಚಿಗಳನ್ನು ರಿಪೇರಿ ಮಾಡುತ್ತಿದ್ದಾಗ ಅಲ್ಲಿನ ಮ್ಯಾನೇಜರ್ ಓಡಿ ಬಂದ. ಸಂಗೀತ ಕಚೇರಿಗೆ ಇನ್ನು ಹತ್ತೇ ನಿಮಿಷ. ಪಿಯಾನೊದ ಹಿಂದಿನ ಕಾಲು ಬಿರುಕು ಬಿಟ್ಟಿದೆ.

"ಮಾವ, ಪಟ್ಟಿ ಹೊಡೆದ್ರೆ ನಿಲ್ಲುತ್ತಾ?"

"ಹ್ಞೂಂ."

"ಮುಗಿಯೋವರೆಗೂ ನೀವೇ ಕೆಳಗೆ ಕೂತು ಹಿಡ್ಕೊಂಡಿರ್ತೀರಾ?"

"ಹ್ಞೂಂ" ಎಂದ ಮೇಲೆ ಪ್ರಶ್ನೆ ಅರ್ಥವಾಯಿತು. ಮೊಳೆ ಉಗುಳುವಷ್ಟರಲ್ಲಿ ಮ್ಯಾನೇಜರ್ ಮಾಯ.

ಹೀಗೆ ಮಾವ ಬಿರುಕಿಗೆ ಮರದ ಪಟ್ಟಿ ಹೊಡೆದು, ಪಿಯಾನೊದ ಕೆಳಗೆ ಮಂಡಿಯೂರಿ, ಹೆಗಲು ಕೊಟ್ಟು ಕೂತ. ಮೇಲೆ ಪಿಯಾನೊ ನುಡಿಸುವ ಹೆಂಗಸು. ಪಕ್ಕದಲ್ಲಿ ವಯಲಿನ್ನಿನವನೊಬ್ಬ, ದೊಡ್ಡ ಪಿಟೀಲಿನಂಥ ಚೆಲ್ಲೊ ಹಿಡಿದವನೊಬ್ಬ. ಮೊದಲು ನುಡಿಸಿದ್ದು ನೂರು ವರ್ಷಕ್ಕಿಂತಲೂ ಹಳೆಯ ಕೃತಿ, ವಿರಹವೇ ಮೈತಾಳಿ ಬಂದಂತಿತ್ತು. ಸ್ವರಗಳು ಹಲಗೆಯಿಂದ ನೇರವಾಗಿ ಮೂಳೆಗೇ ಇಳಿದವು. ಮಾವ ಗಳಗಳ ಅತ್ತ. ಮೂಗು ಒರೆಸೋಣವೆಂದರೆ ಎರಡು ಕೈಯೂ ಪಿಯಾನೊದ ಕಾಲು ಹಿಡಿದಿದ್ದವು.

ಎರಡನೆಯದು ಆಮೇಲಿನ ಕಾಲದ ಹೊಸ ಬಗೆಯ ಸಂಗೀತ. ಸ್ವರಗಳು ಒಂದರ ಜುಟ್ಟು ಇನ್ನೊಂದು ಹಿಡಿದು ಜಗಳಕ್ಕೆ ಬಿದ್ದಿದ್ದವು. ಹೆಂಗಸು ಗುದ್ದಿದಾಗಲೆಲ್ಲ ಬಿರುಕು ಕಿರ್ರೆನ್ನುತ್ತಿತ್ತು. ಕೊನೆಯ ಅಬ್ಬರಕ್ಕೆ ಮುಂಚೆ ಮೂವರೂ ಒಮ್ಮೆಲೇ ನಿಲ್ಲಿಸಿ ಉಸಿರೆಳೆದುಕೊಂಡರು. ಮಾವ ತಡೆಯಲಾರದೆ ಹೇಳಿಯೇಬಿಟ್ಟ:

"ತಾಯೀ, ಸ್ವಲ್ಪ ಮೆಲ್ಲಗೆ!"

ಇಡೀ ಸಭೆಗೆ ಕೇಳಿಸಿತು. ಆಕೆ ಬೆಚ್ಚಿಬಿದ್ದು, ಹೇಳಿದ ಹಾಗೇ ಮೆಲ್ಲಗೆ ನುಡಿಸಿದಳು. ಉಳಿದಿಬ್ಬರೂ ಮುಖಮುಖ ನೋಡಿಕೊಂಡು ಅವಳನ್ನೇ ಹಿಂಬಾಲಿಸಿ ಪಿಸುದನಿಯಲ್ಲಿ ನುಡಿಸಿದರು. ಗುಡುಗಬೇಕಿದ್ದ ಕೃತಿ ಬೆಕ್ಕಿನ ಹೆಜ್ಜೆಯಲ್ಲಿ ಮುಗಿಯಿತು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ!

ಸಂಗೀತದ ಮೇಷ್ಟ್ರೊಬ್ಬರು ವೇದಿಕೆ ಹತ್ತಿ, ಪಿಯಾನೊದ ಕೆಳಗೆ ಬಗ್ಗಿ ನೋಡಿದರು. "ನಲವತ್ತು ವರ್ಷದಿಂದ ಇದನ್ನ ಕೇಳ್ತಿದ್ದೀನಿ, ಇಂಥ ಕೊನೆ ಕೇಳಿರ್ಲಿಲ್ಲ. ಯಾರಪ್ಪಾ ನಿನ್ನ ಗುರುಗಳು?"

"ನಮ್ಮಪ್ಪ. ಬಾಗಿಲು, ಕಿಟಕಿ ಮಾಡ್ತಿದ್ರು."

ಈಗ ಮಾವ ಒಂದು ಕಚೇರಿಯನ್ನೂ ಬಿಡುವುದಿಲ್ಲ. ಹೆಂಡತಿಯನ್ನೂ ಕರೆದುಕೊಂಡು ಮುಂದಿನ ಸಾಲಿನಲ್ಲೇ ಕೂರುತ್ತಾನೆ. ಆದರೂ ಕುರ್ಚಿಯಲ್ಲಿ ಕೂತರೆ ಏನೂ ಸರಿಯಾಗಿ ಕೇಳಿಸುವುದಿಲ್ಲವೆಂಬ ಗೊಣಗಾಟ. ಮೊನ್ನೆಯಂತೂ ಮೆಲ್ಲನೆ ಜಾರಿ, ವೇದಿಕೆಯ ಹಲಗೆಗೇ ಕಿವಿ ಹಚ್ಚಿದ.

"ಥೂ, ಮಾನ ತೆಗೀತೀರಾ, ಏಳ್ರೀ!" ಎಂದು ಹೆಂಡತಿ ಕಾಲರ್ ಹಿಡಿದು ಜಗ್ಗಿದಳು. ಮಾವ ಅಲುಗಲಿಲ್ಲ. ಏನಿದೆಯೋ ನೋಡೇಬಿಡೋಣವೆಂದು ಅವಳೂ ಬಗ್ಗಿ ಕಿವಿ ಹಚ್ಚಿದಳು; ಕೊನೆಯ ಚಪ್ಪಾಳೆಯವರೆಗೂ ಮೇಲೇಳಲಿಲ್ಲ.