ಮನ್ಮಥಪ್ಪನವರ ಅಲ್ಯೂಮಿನಿಯಂ ದೋಣಿ

ಭಾಲ್ಕಿಯ ಮನ್ಮಥಪ್ಪನವರು ಓಝರ್ ಬಳಿಯ ವಿಮಾನ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ರಿವೆಟ್ ಹೊಡೆದರು. ಅವೆಲ್ಲ ಯುದ್ಧವಿಮಾನಗಳು, ಹೆಂಡತಿ ಪ್ರೇಮಾಬಾಯಿಯನ್ನು ಒಂದರಲ್ಲೂ ಕೂರಿಸುವಂತಿರಲಿಲ್ಲ. "ನೀವು ಮಾಡಿದ್ದರಾಗ ನಾ ಒಂದಿನಾನೂ ಕುಂತಿಲ್ಲ ನೋಡ್ರಿ" ಎಂದು ಆಕೆ ಒಮ್ಮೆ ಆಡಿದ ಮಾತು ಅವರೊಳಗೆ ಮುಳ್ಳಾಗಿ ಉಳಿದಿತ್ತು. ನಿವೃತ್ತಿಯಾದ ಮರುವಾರವೇ ಸಂಭಾಜಿನಗರಕ್ಕೆ ಹೋಗಿ ತೆಳ್ಳನೆಯ ಅಲ್ಯೂಮಿನಿಯಂ ತಗಡು ಆರಿಸಿ, ಟೆಂಪೊದಲ್ಲಿ ಹೇರಿ ತಂದು, ಓಝರಿನ ಮನೆಯಂಗಳದಲ್ಲೇ ದೋಣಿ ಕಟ್ಟಲು ಕುಳಿತರು.

ಐದು ತಿಂಗಳ ಮೇಲೆ, ಬಿದಿರೆಲೆಯಂತೆ ಚೂಪಾದ ದೋಣಿ ಅದೇ ಸೀಮೆಯ ಗಂಗಾಪುರ ಅಣೆಕಟ್ಟಿನ ಹಿನ್ನೀರಿಗೆ ಬಂತು. ಅಲ್ಲಿ ಮೀನುಗಾರ ಸುಧಾಕರ ತನ್ನಪ್ಪನ ಕಾಲದ ಮರದ ದೋಣಿಗೆ ಒರಗಿ ಬಲೆ ಬಿಡಿಸುತ್ತಿದ್ದ. ಆ ದೋಣಿ ಡಾಂಬರು ಮೆತ್ತಿಕೊಂಡು ಎಮ್ಮೆಯ ಹಾಗೆ ಬಿದ್ದಿತ್ತು.

"ಇದನ್ನ ಎತ್ತಾಕ ನಾಕು ಮಂದಿ ಬೇಕು. ನಂದು ಹದಿನೆಂಟೇ ಕಿಲೋ!" ಎಂದು ಮನ್ಮಥಪ್ಪನವರು ತಮ್ಮದನ್ನು ಹೆಗಲಿಗೇರಿಸಿ ತೋರಿಸಿದರು.

"ಕಾಕಾ, ನಾವು ದೋಣ್ಯಾಗ ಕೂಡತೀವಿ. ಅದನ್ನ ಹೊರೂದಿಲ್ಲ," ಎಂದ ಸುಧಾಕರ, ಮರಾಠಿಯಲ್ಲಿ.

ಪ್ರೇಮಾಬಾಯಿ ಹೊಸ ಸೀರೆಯುಟ್ಟು ಬಂದು ದೋಣಿಯ ತಳದಲ್ಲೇ ಕುಳಿತರು. ಮನ್ಮಥಪ್ಪನವರು ಎದುರಿಗೆ ಕುಳಿತು ಹತ್ತು ಸಲ ಹುಟ್ಟು ಹಾಕಿರಲಿಕ್ಕಿಲ್ಲ.

"ಏನ್ರೀ, ನೀರು ಒಳಗ ಬರ್ಲತ್ತದ."

"ಬರ್ಲಿ ಬಿಡು. ಹೊರಗ ಹೋಗ್ಲಿ ಅಂತ ತಳದಾಗ ಮೂರು ತೂತು ಇಟ್ಟೀನಿ."

ವಿಮಾನದ ಹೊಟ್ಟೆಯಲ್ಲಿ ನೀರು ನಿಲ್ಲಬಾರದೆಂದು ತಳಕ್ಕೆ ತೂತು ಕೊರೆಯುತ್ತಾರೆ. ಮೂವತ್ತಾರು ವರ್ಷ ಪಳಗಿದ ಕೈ ಇಲ್ಲಿಯೂ ಕೊರೆದುಬಿಟ್ಟಿತ್ತು. ಆಡಿದ ಮಾತು ತಮ್ಮ ಕಿವಿಗೇ ಬಿದ್ದಾಗ ಮನ್ಮಥಪ್ಪನವರ ಹುಟ್ಟು ಗಾಳಿಯಲ್ಲೇ ನಿಂತಿತು.

ಸುಧಾಕರ ತನ್ನ ಎಮ್ಮೆಯನ್ನು ನೀರಿಗಿಳಿಸಿ ಪಕ್ಕಕ್ಕೆ ತಂದ. "ಕಾಕಾ, ನಮ್ಮ ದೋಣಿನೂ ಸೋರ್ತದ. ಆದ್ರ ನಾವು ಅಳತಿ ಹಿಡಿದು ಸೋರಸೂದಿಲ್ಲ! ಕಾಕೂ, ಇದರಾಗ ಬರ್ರಿ."

ಮನ್ಮಥಪ್ಪನವರ ಮುಖ ಬಾಡಿತು. "ಹೋಗು, ಅದರಾಗೇ ಕುಂದ್ರು," ಎಂದರು ಮೆಲ್ಲಗೆ.

ಪ್ರೇಮಾಬಾಯಿ ಹೋಗಲಿಲ್ಲ. ಒಂದು ತೂತಿಗೆ ಹಿಮ್ಮಡಿ ಒತ್ತಿದರು. ಇನ್ನೊಂದರ ಮೇಲೆ ಸೆರಗಿನ ಮಡಿಕೆ ಇಟ್ಟು, ಸರಿದು, ಭದ್ರವಾಗಿ ಕುಳಿತರು.

"ಮೂರನೇದು ನಿಮ್ಮ ಬುಡಕ ಅದ. ಅಲ್ಲಾಡಬ್ಯಾಡ್ರಿ. ನಡೀರಿ, ಆಚಿ ದಂಡಿಗೆ."

"ಮುಳುಗಿದ್ರ?"

"ಸೀರಿ ಹ್ಯಾಂಗೂ ತೊಯ್ದದ. ಹುಟ್ಟು ಹಾಕ್ರಿ!"

ಇಬ್ಬರೂ ಅಂಟು ಹಚ್ಚಿದಂತೆ ಕುಳಿತು ಹೊರಟರು. ಸುಧಾಕರ ನೀರೆತ್ತುವ ಡಬ್ಬಿ ಹಿಡಿದು, ನಗು ತಡೆಯಲಾಗದೆ, ಉದ್ದಕ್ಕೂ ಜೊತೆಗೇ ಬಂದ. ಆಚೆ ದಂಡೆ ಮುಟ್ಟಿದಾಗ ಮನ್ಮಥಪ್ಪನವರು ಉಸಿರುಬಿಟ್ಟು, "ಇಳಿ," ಎಂದರು.

"ಯಾಕ? ಇನ್ನೊಂದು ಸುತ್ತು ಹಾಕ್ರಿ," ಎಂದರು ಪ್ರೇಮಾಬಾಯಿ.